ಗೋಡೆಗೆ ಮುಖ ಮಾಡಿದ ಕುರ್ಚಿ

ನಾನು ಕಂಪ್ಯೂಟರ್ ರಿಪೇರಿ ಮಾಡುವವನು. ಇದು ನಡುಹಗಲಿನಲ್ಲಿ ಆದದ್ದರಿಂದ ಯಾರೂ ದೆವ್ವದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಕರೆಸಿದ್ದವರು ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸು. ಅವರ ಕುರ್ಚಿ ಕಂಪ್ಯೂಟರಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿತ್ತು.

"ಸ್ಪೀಕರ್ ಕೆಟ್ಟು ವರ್ಷ ಆಯ್ತಣ್ಣ. ನಮ್ಮಕ್ಕ ವಿಡಿಯೋ ಕಾಲ್ ಮಾಡಿದ್ರೆ ಗೋಡೆ ಕಡೆಯಿಂದ ಕೇಳ್ಸುತ್ತೆ. ಅದಕ್ಕೇ ಆ ಕಡೆ ತಿರುಗಿ ಮಾತಾಡ್ತೀನಿ."

ಗೋಡೆ ಮುಟ್ಟಿದೆ. ಬಿಸಿಲು ಬೀಳದ ಗೋಡೆ, ಬೆಚ್ಚಗಿತ್ತು.

ಬಗ್ಗಿ ನೋಡಿದರೆ ಸ್ಪೀಕರಿನ ವೈರನ್ನು ಮೈಕಿನ ತೂತಿಗೆ ಸಿಕ್ಕಿಸಿದ್ದರು. ಹಾಗಿದ್ದರೆ ಸ್ಪೀಕರಿನಿಂದ ಪಿಸುಮಾತೂ ಹೊರಡುವುದಿಲ್ಲ. ಅವರ ಮಾತು ಅಕ್ಕನಿಗೆ ತಲುಪಲು ಕ್ಯಾಮೆರಾದೊಳಗೇ ಮೈಕಿತ್ತು; ಆದರೆ ಬೇರೆ ಸ್ಪೀಕರು ಆ ಮನೆಯಲ್ಲೇ ಇರಲಿಲ್ಲ. ವೈರನ್ನು ಕಿತ್ತು ಸ್ಪೀಕರಿನ ತೂತಿಗೇ ಸಿಕ್ಕಿಸಿದೆ.

ಅಷ್ಟರಲ್ಲಿ ಅಕ್ಕನ ಕರೆ ಬಂತು. ಪರದೆಯಲ್ಲಿ ಅವರ ತುಟಿ ಆಡಿದಂತೆಯೇ ಸ್ಪೀಕರಿನಿಂದ ದನಿ ಬಂತು: "ಏನೇ, ಊಟ ಆಯ್ತಾ?"

ತಂಗಿ ಕಿವಿಗೊಟ್ಟು ಕೇಳಿದರು. "ಏನೋ ಹೆಚ್ಚುಕಮ್ಮಿ ಮಾಡಿದೀರಣ್ಣ. ಇದು ನಮ್ಮಕ್ಕನ ದನಿ ಅಲ್ಲ."

ಪರದೆಯ ಅಕ್ಕ ನಕ್ಕರು. "ಅಂತೂ ಸರಿಹೋಯ್ತಾ? ವರ್ಷದಿಂದ ನಾನು ಕೇಳದೇ ಇರೋದಕ್ಕೆಲ್ಲ ಉತ್ತರ ಕೊಡ್ತಾ ಕೂತಿದ್ಲು."

ತಂಗಿ ಆಗಲೇ ಕುರ್ಚಿಯಲ್ಲಿ ಕೂತು ಗೋಡೆಯ ಕಡೆ ಬಾಗಿದ್ದರು.

"ಇಲ್ಲ ಅಕ್ಕ," ಎಂದರು ಮೆಲ್ಲಗೆ, "ರಿಪೇರಿಯವರು ಇನ್ನೂ ಹೋಗಿಲ್ಲ."