ಪ್ರಶ್ನೆ ಸರ್ ಹೊರಡುವ ತಾರೀಖು

"ನೀವು ಹೋಗೋದು ಯಾವತ್ತು ಅಂತ ಮೊದಲು ಹೇಳಿ. ಆಮೇಲೆ ಒಳಗೆ ಬನ್ನಿ."

ಬಾಗಿಲಿಗೆ ಅಡ್ಡ ನಿಂತು ಅವಳು ಹಾಗೆಂದಾಗ, ಎದೆಗೆ ಫೈಲುಗಳನ್ನು ಅವುಚಿಕೊಂಡು ಬಂದಿದ್ದ ಸಂಶೋಧಕ ಕಕ್ಕಾಬಿಕ್ಕಿಯಾದ. ಇಂಥ ಸ್ವಾಗತವನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ.

"ಆರು ತಿಂಗಳ ಕೆಲಸ..."

"ತಿಂಗಳು ಬೇಡ. ತಾರೀಖು ಹೇಳಿ."

ಅವಳೇನು ಹುಟ್ಟಾ ಜಗಳಗಂಟಿಯಲ್ಲ. ಬೌದ್ಧಿಕ ಅಂಗವೈಕಲ್ಯವಿರುವ ದೊಡ್ಡವರು ಹಗಲು ಬಂದು ಕೆಲಸ ಮಾಡುವ ಆ ಕೇಂದ್ರದಲ್ಲಿ ಅವಳು ಟೀಚರ್, ಕಾಗದದ ಚೀಲ ಮಾಡಲು ಕಲಿಸುವವಳು. ಮೂರನೇ ಮೇಜಿನಲ್ಲಿ ಅಂಟು ಹಚ್ಚುತ್ತಾ ಕೂತಿದ್ದವನು ಅವಳ ಸ್ವಂತ ಅಣ್ಣ. ವಯಸ್ಸು ನಲವತ್ತು. ತಂಗಿ ಎಷ್ಟೇ ದೊಡ್ಡವಳಾದರೂ ಅವನಿಗೆ ಪುಟ್ಟಿಯೇ.

ಎರಡು ವರ್ಷದ ಹಿಂದೆ ಬೇರೆ ಸಂಸ್ಥೆಯವರೊಬ್ಬರು ಬಂದಿದ್ದರು. ಅಣ್ಣನ ಪಕ್ಕ ಕೂತು, ನಗುನಗುತ್ತಾ ಅವನ ಮನಸ್ಸಿನಲ್ಲಿದ್ದುದನ್ನೆಲ್ಲ ಕೇಳಿ ಬರೆದುಕೊಂಡು, ಒಂದು ದಿನ ಹೇಳದೆ ಕೇಳದೆ ಹೋಗಿಬಿಟ್ಟರು. ನಾಳೆ ಬರ್ತಾರೆ ಅಂತ ಅಣ್ಣ ಗೇಟಿನ ಹತ್ತಿರ ಕಾದ. ನಾಲ್ಕು ತಿಂಗಳು ಕಾದ... ಸರಿಯಾಗಿ ಊಟ ಮಾಡಲಿಲ್ಲ, ಅಂಟಿನ ಡಬ್ಬ ಮುಟ್ಟಲಿಲ್ಲ. ಮನಸ್ಸಿನ ಆರೋಗ್ಯ ನೋಡಲು ಬಂದವರೇ ಅವನ ಮನಸ್ಸು ಕೆಡಿಸಿ ಹೋಗಿದ್ದರು. ಇನ್ನೊಮ್ಮೆ ಹಾಗಾಗಲು ಅವಳು ಬಿಡುವವಳೇ?

ಈ ಸಲ ಕೇಂದ್ರವೂ ವಿಶ್ವವಿದ್ಯಾಲಯವೂ ಸೇರಿ ಅಧ್ಯಯನಕ್ಕೆ ಇಳಿದಿದ್ದವು. ಬಾಯಿಬಿಟ್ಟು ಹೇಳಲು ಬಾರದವರ ಬೇಸರ, ಭಯವನ್ನು ಗುರುತಿಸುವುದು ಹೇಗೆ ಎಂಬುದೇ ವಿಷಯ. ಬಂದ ದಿನವೇ ಹೋಗುವ ದಿನ ತಿಳಿಸಬೇಕು, ದಿನವೂ ಅದನ್ನು ನೆನಪಿಸಬೇಕು ಎಂಬ ಷರತ್ತನ್ನು ಅವಳು ಹಟ ಹಿಡಿದು ಒಪ್ಪಂದಕ್ಕೆ ಸೇರಿಸಿದಳು. ಹೊಸ ಸಂಶೋಧಕ ಮರುಮಾತಿಲ್ಲದೆ ಸಹಿ ಹಾಕಿದ. ಗೋಡೆಗೆ ದೊಡ್ಡ ಕ್ಯಾಲೆಂಡರನ್ನೂ ತೂಗುಹಾಕಿದ.

ಪ್ರತಿ ಪ್ರಶ್ನೆಗೂ ಮುಂಚೆ ಕೇಳಬಹುದಾ ಎನ್ನುತ್ತಿದ್ದ. ಬೇಡ ಎಂದರೆ ಪೆನ್ನು ಕೆಳಗಿಡುತ್ತಿದ್ದ. ಅಣ್ಣ ಅವನಿಗೆ ಪ್ರಶ್ನೆ ಸರ್ ಎಂದು ಹೆಸರಿಟ್ಟು, ಅಂಟು ಹಚ್ಚಲು ಕಲಿಸಿದ. ಮೊದಲ ದಿನ ಪ್ರಶ್ನೆ ಸರ್ ತಮ್ಮ ಅಂಗಿಯ ತೋಳನ್ನೇ ಚೀಲಕ್ಕೆ ಅಂಟಿಸಿಕೊಂಡರು. ನಗು ತಡೆಯಲಾರದೆ ಅವಳು ಎದ್ದು ಹೊರಗೆ ಹೋದಳು.

ಬೇಸರವಾದರೆ ಅಣ್ಣ ಚೀಲದ ಹಿಡಿಕೆಯನ್ನು ತಳಕ್ಕೆ ಅಂಟಿಸುತ್ತಾನೆ ಎಂದು ಅವಳು ಒಮ್ಮೆ ಮಾತಿನ ಮಧ್ಯೆ ಹೇಳಿದ್ದಳು. ಅವನು ಅದನ್ನು ವರದಿಯಲ್ಲಿ ಬರೆದ, 'ಇದು ಟೀಚರ್ ಕಂಡುಕೊಂಡದ್ದು' ಎಂದು ಸೇರಿಸಿ ಅವಳಿಗೆ ತೋರಿಸಿದ. ಹತ್ತು ವರ್ಷದ ಕೆಲಸದಲ್ಲಿ ಯಾರೂ ಅವಳ ಮಾತನ್ನು ಹಾಗೆ ಬರೆದಿಟ್ಟಿರಲಿಲ್ಲ. ಅವತ್ತೇ ಅವಳು ಮನಸೋತಳು.

ಆದರೆ ಆ ಕ್ಯಾಲೆಂಡರು...

"ಇನ್ನು ಹನ್ನೆರಡು ದಿನ," ಎಂದು ಅವನು ಅಣ್ಣನಿಗೆ ನೆನಪಿಸುತ್ತಿದ್ದ. "ಇನ್ನು ಐದೇ ದಿನ." ದಿನ ಕಡಿಮೆಯಾದಷ್ಟೂ ಅವನ ಮುಖ ಅರಳುತ್ತಿತ್ತು.

'ನಮ್ಮನ್ನ ಬಿಟ್ಟು ಹೋಗೋಕೆ ಇಷ್ಟೊಂದು ಖುಷಿನಾ?' ಅಂದುಕೊಂಡಳು ಅವಳು. ಮಾತು ಕಡಿಮೆ ಮಾಡಿದಳು. ಅತ್ತ ಅವನಿಗೂ ಅನುಮಾನ. ಬಂದ ದಿನವೇ ಹೋಗೋದು ಯಾವತ್ತು ಎಂದವಳು, ನಾನು ತೊಲಗಿದರೆ ಸಾಕು ಅಂತ ಕಾಯುತ್ತಿರಬೇಕು ಅಂದುಕೊಂಡ. ಇನ್ನೊಬ್ಬರ ಮನಸ್ಸು ಅರಿಯುವುದೇ ಕಸುಬಾದ ಇಬ್ಬರು ಜಾಣರು, ನೋಡಿ.

ಕೊನೆಯ ದಿನ ಬಂತು. ಅಣ್ಣ ತಾನೇ ತಾರೀಖಿಗೆ ಗೀಟು ಹಾಕಿ, ಪ್ರಶ್ನೆ ಸರ್ ಕೈ ಕುಲುಕಿ, ಹೊಟ್ಟೆ ತುಂಬ ಊಟ ಮಾಡಿದ. ಅವಳ ಉಪಾಯ ಫಲಿಸಿತ್ತು. ಅಣ್ಣನಿಗೆ ಹೇಳಿಕೊಟ್ಟ ಪಾಠ ಅವಳ ತಲೆಗೆ ಮಾತ್ರ ಹತ್ತಿರಲಿಲ್ಲ.

ಮಧ್ಯಾಹ್ನ ಅಣ್ಣ ತಂಗಿಯ ಮೇಜಿನಿಂದ ಚೀಲವೊಂದನ್ನು ಎತ್ತಿ ನೋಡಿದ. ಸೀದಾ ಪ್ರಶ್ನೆ ಸರ್ ಮುಂದೆ ತಂದಿಟ್ಟ. ಹಿಡಿಕೆ ತಳದಲ್ಲಿತ್ತು.

"ಪುಟ್ಟಿಗೆ ಬೇಸರ," ಎಂದ.

ಸಂಶೋಧಕ ಚೀಲವನ್ನು ನೋಡಿದ. ಅವಳನ್ನು ನೋಡಿದ. ಅವಳು ಮುಖ ತಿರುಗಿಸಿಕೊಂಡಳು. ಅವನು ಎದ್ದು ಹೋಗಿ ಕೇಂದ್ರ ನಡೆಸುವ ಮೇಡಂಗೆ ವರದಿ ಒಪ್ಪಿಸಿ, ಓಡುತ್ತಲೇ ವಾಪಸ್ ಬಂದ.

"ಟೀಚರ್, ಈಗ ಮಾತಾಡಬಹುದು. ಅಧ್ಯಯನ ಮುಗಿಯೋವರೆಗೂ ಅದರಲ್ಲಿರೋರ ಮನೆಯವರ ಹತ್ರ ಸ್ವಂತ ವಿಷಯ ಎತ್ತಬಾರದು ಅನ್ನೋದು ನಮ್ಮ ನಿಯಮ. ನಾನು ದಿನ ಎಣಿಸಿದ್ದು ಇದಕ್ಕೇ."

"ಹೋಗೋಕಲ್ವಾ?"

"ಹೇಳೋಕೆ... ನಿಮ್ಮನ್ನ ಮದುವೆ ಆಗ್ಬೇಕು ಅಂತಿದೀನಿ. ನೀವು ಒಪ್ಪಿದ್ರೆ."

ಹೂಂ ಎನ್ನಲು ಅವಳ ಮನಸ್ಸು ತುದಿಗಾಲಲ್ಲಿ ನಿಂತಿತ್ತು. ಆದರೆ ಎರಡು ವರ್ಷದ ಹಿಂದೆ ಗೇಟಿನ ಬಳಿ ಕಾಯುತ್ತಾ ನಿಂತಿದ್ದ ಅಣ್ಣ ಕಣ್ಣ ಮುಂದೆ ಬಂದ.

"ನನಗೆ ನೋವಾದ್ರೆ ತಡ್ಕೋತೀನಿ. ಅಣ್ಣನಿಗೆ ಬರ್ತೀನಿ ಅಂತ ಹೇಳಿ ಬರದೇ ಇದ್ರೆ..."

"ಗೊತ್ತು. ಅದಕ್ಕೇ ಅವರಿಗಿನ್ನೂ ಒಂದು ಮಾತೂ ಹೇಳಿಲ್ಲ. ನೀವು ಹೂಂ ಅಂದ್ರೆ ಇಬ್ಬರೂ ಸೇರಿ ಹೇಳೋಣ."

ಅವಳು ಕಣ್ಣೊರೆಸಿಕೊಂಡು ಮೂರನೇ ಮೇಜಿಗೆ ಹೋದಳು. ಅವನೂ ಹಿಂದೆಯೇ ಬಂದ.

"ಅಣ್ಣ, ಇವರು ಭಾನುವಾರ ನಮ್ಮನೆಗೆ ಬರ್ತಾರೆ."

"ಆಮೇಲೆ?"

"ಅದರ ಮುಂದಿನ ಭಾನುವಾರನೂ."

"ಆಮೇಲೆ?" ಅಣ್ಣ ಈಗ ಅವನನ್ನೇ ನೋಡುತ್ತಿದ್ದ. ಅವನು ಅವಳ ಕಡೆ ತಿರುಗಿದ. ಅವಳು ಹೂಂ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು.

"ಆಮೇಲೆ ನಾನು ಹೋಗೋದೇ ಇಲ್ಲ, ಅಣ್ಣ."