ಪರದೆ ಹಿಂದಿನ ಪರಾರಿ

ಖಾತುನಬಿ ಮನೆಯಲ್ಲಿದ್ದಳು. ಮನೆಯಲ್ಲಿಲ್ಲ, ಪರಾರಿ ಎಂದು ವೀಸಾ ಕಚೇರಿ ಬರೆಯಿತು. ಕೆಳಗೆ ಸಾಕ್ಷಿ ಎಂದು ನಾನು ಸಹಿ ಹಾಕಿದೆ.

ಈಗ ನನ್ನ ಬೈಕಿನ ಬೆನ್ನಿಗೆ ಬಿಳಿ ಜೀಪು!

ಹುಕ್ಕೇರಿಯಿಂದ ಕೊಣ್ಣೂರಿನ ದಾರಿ. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಅದಕ್ಕೆರಡು ಟ್ರೇಲರ್. ಎಡಕ್ಕೆ ಸಂದಿಲ್ಲ. ಬಲಕ್ಕೆ ಎದುರಿನಿಂದ ಬಸ್ಸು...

ನುಗ್ಗಿದೆ.

ಬಸ್ಸಿನ ಡ್ರೈವರ್ ನನ್ನ ವಂಶವನ್ನೆಲ್ಲ ನೆನೆಸಿದ. ಕಬ್ಬಿನ ಗರಿ ಕೆನ್ನೆ ಸೀಳಿತು. ಜೀಪು ಟ್ರೇಲರಿನ ಹಿಂದೆ ಸಿಕ್ಕಿಬಿತ್ತು.

ನಾನು ರಾಚಪ್ಪ. ಬೋರ್ಡಿನ ಮೇಲೆ ಖಾಸಗಿ ಪತ್ತೇದಾರ. ಕೆಲಸ? ಕಚೇರಿಗಳಿಗೆ ಬೇಕಾದವರನ್ನು ಹುಡುಕುವುದು. ಬೇಡವಾದವರನ್ನು ಕಾಣದಿರುವುದು.

ಕೇಳಿ. ಖಾತುನಬಿ ಹುಟ್ಟಿದ್ದು ಕರಾಚಿಯಲ್ಲಿ. ಕೊಣ್ಣೂರಿನಲ್ಲಿ ಗಾದಿ ಹೊಲಿಯುವ ಗಫಾರನನ್ನು ಮದುವೆಯಾಗಿ ಬಂದವಳು. ಕೂದಲು ಇಲ್ಲೇ ಬೆಳ್ಳಗಾಯಿತು. ವೀಸಾ ಮಾತ್ರ ಮತ್ತೆ ಮತ್ತೆ ನವೀಕರಿಸಬೇಕು. ಈ ಸಲ ಆ ಹೊತ್ತಿಗೆ ಗಫಾರ ತೀರಿಕೊಂಡ.

ಮನೆ ತಪಾಸಣೆಗೆ ಬಂದವನು ವೀಸಾ ಕಚೇರಿಯ ವಿಶಾಲ ಸಾಹೇಬ. ಬಿಸಿಲಿತ್ತು. ಜೀಪಿನಿಂದ ಇಳಿಯಲಿಲ್ಲ. ಜೊತೆಗೆ ಕರೆತಂದಿದ್ದ ನನ್ನನ್ನು ಒಳಗೆ ಕಳಿಸಿದ.

ಬಾಗಿಲು ತೆರೆದಿತ್ತು. ಒಳಗೊಂದು ಪರದೆ. ಅದರ ಹಿಂದಿನಿಂದ ಮಾತು.

"ಗಂಡ ಸತ್ತಾನ್ರಿ. ನಾಕ ತಿಂಗಳ ಹತ್ತ ದಿನ ಇದ್ದತ್ ಕುಂತೇನಿ. ಅದು ಮುಗಿಯೂತನಕ ಪರ ಗಂಡಸರ ಮುಂದ ಬರೂದಿಲ್ಲ. ಯಾರರ ಹೆಣ್ಮಗಳನ್ನ ಕಳಸ್ರಿ, ಮಾರಿ ತೋರಸ್ತೇನಿ."

ಹೋಗಿ ಹಾಗೆಯೇ ಹೇಳಿದೆ.

"ಮಾರಿ ನೋಡಿದ್ಯೇನೋ?"

"ಇಲ್ರಿ. ಧ್ವನಿ ಕೇಳಿದೆ."

"ಧ್ವನಿಗೆ ವೀಸಾ ಕೊಡಾಕ ಬರತೈತೇನ್ಲೇ? ಹಾಕು ಸಹಿ!"

ಹಾಕಿದೆ. ಹಾಕಿ ಚಹಾ ಕುಡಿದೆ. ಚಹಾ ರುಚಿಯಾಗಿತ್ತು... ಅದೇ ಈಗಲೂ ಗಂಟಲಿನಲ್ಲಿ ನಿಂತಿದೆ.

ದೇಶ ಬಿಡು ಎಂದು ಆದೇಶ ಬಂತು. ಒಬ್ಬಳನ್ನು ನೆಲದಿಂದ ಕಿತ್ತೆಸೆಯಲು ಸೈನ್ಯ ಬೇಕಿಲ್ಲ ನೋಡಿ. ಒಬ್ಬ ಸೋಮಾರಿ, ಒಬ್ಬ ಹೇಡಿ... ಸಾಕು!

ಗೋಕಾಕದ ವಕೀಲೆ ನೇತ್ರಾ ಆ ಆದೇಶದ ವಿರುದ್ಧ ಧಾರವಾಡದ ಹೈಕೋರ್ಟಿಗೆ ಹೋದಳು. ನಾಳೆ ವಿಚಾರಣೆ. ಇವತ್ತು ಬೆಳಿಗ್ಗೆ ನನ್ನನ್ನು ಕರೆಸಿ ಕೂರಿಸಿದಳು.

"ಜಡ್ಜ್ ವೀಸಾ ಕೊಡೂದಿಲ್ಲ, ರಾಚಪ್ಪ. ತಲಿ ನೆಟ್ಟಗಿದ್ದ ಅಧಿಕಾರಿ ಇಂಥಾ ತೀರ್ಮಾನ ಮಾಡ್ತಾನೇನು ಅನ್ನೂದಷ್ಟ ನೋಡ್ತಾರ. ಒಬ್ಬ ಹೆಣ್ಣ ಪೊಲೀಸನ್ನ ಕಳಸಿದ್ರ ಮುಗೀತಿತ್ತು! ಆಕಿ ಇದ್ದತ್‌ನಾಗ ಅದಾಳ ಅಂತ ಗೊತ್ತಿದ್ದೂ ಪರಾರಿ ಅಂತ ಬರದಾನ. ಅದಕ್ಕ ನೀ ಒಬ್ಬಾಂವ ಸಾಕ್ಷಿ."

"ಸಾಹೇಬ ನನ್ನ ಬಿಡ್ತಾನೇನ್ರಿ ಮೇಡಂ?"

"ಆಕಿನ್ನ ನೀ ಬಿಟ್ಟಿದ್ದೇನು?"

ಬೈಕಿನ ಕೀಲಿಕೈ ಎತ್ತಿಕೊಂಡು ಹೊರಬಿದ್ದೆ.

ಮಧ್ಯಾಹ್ನ ವಿಶಾಲ ಸಾಹೇಬನ ಫೋನು. ಹುಕ್ಕೇರಿಯ ಖಾನಾವಳಿಗೆ ಬಾ ಎಂದ. ತಾನೇ ನನ್ನ ತಾಟಿಗೆ ರೊಟ್ಟಿ ಹಾಕಿದ.

"ನಾಳೆ ಕೋರ್ಟಿನ್ಯಾಗ ಅನ್ನು... ಆ ಮನಿಯಾಗ ಯಾರ ಧ್ವನೀನೂ ಕೇಳಿಲ್ಲ ಅಂತ."

"ಕೇಳೇನಲ್ರಿ..."

"ನಿನ್ನ ಧಂದೆ ನನಗ ಗೊತ್ತಿಲ್ಲೇನು? ಹಿಂಡಲಗಾ ಜೈಲಿನ್ಯಾಗೂ ರೊಟ್ಟಿ ಕೊಡ್ತಾರ ಮಗನ!"

ಕೈ ತೊಳೆಯುವ ನೆಪ ಮಾಡಿ ಹಿತ್ತಲಿನಿಂದ ಓಡಿದೆ. ಹಿಂದೆಯೇ ಜೀಪು. ಉಳಿದದ್ದು ಹೇಳಿದೆನಲ್ಲ.

ಕೊಣ್ಣೂರು. ಬಾಗಿಲಲ್ಲಿ ಖಾತುನಬಿಯ ಮಗಳು ನಾಜಿಯಾ.

"ಬರ್ರಿ ಸಾಕ್ಷಿದಾರರ! ಇವತ್ತ ಯಾರನ್ನ ಮಾಯ ಮಾಡಾಕ ಬಂದ್ರಿ? ನನ್ನೇನು?"

"ಬೈಯಾಕ ಟೈಮ್ ಇಲ್ಲವ್ವಾ! ಜೀಪ್ ಬರಾಕತ್ತೈತಿ. ಅವ್ವಾನ್ನ ಹೊರಡಸು. ಮೂಡಲಗಿಯಾಗ ನಮ್ಮ ಅಕ್ಕನ ಮನಿ ಐತಿ. ಯಾರಿಗೂ ಸಿಗೂದಿಲ್ಲ."

ಪರದೆ ಅಲುಗಲಿಲ್ಲ. ಮಾತು ಬಂತು.

"ತಮ್ಮಾ, ಜೀವಕ್ಕ ಕುತ್ತ ಬಂದ್ರ ಇದ್ದತ್‌ನಾಗೂ ಹೊರಗ ಬರಬಹುದು. ಅದಕ್ಕಲ್ಲ. ನಾ ಮೂಡಲಗಿಗೆ ಓಡಿದೆ ಅಂದ್ರ ನೀ ಹಾಕಿದ ಸಹಿ ಖರೆ ಆಗತೈತಿ."

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ತಮ್ಮಾ ಎಂದಳು!

ಹೊರಗೆ ಬ್ರೇಕಿನ ಸದ್ದು.

ವಿಶಾಲ ಸಾಹೇಬ ಈ ಸಲ ಜೀಪಿನಿಂದ ಇಳಿದ. ಒಂದು ಕೈಯಲ್ಲಿ ಮೊಬೈಲು. ಇನ್ನೊಂದರಲ್ಲಿ... ಹೊಸ ಬೀಗ!

"ಕಿಡಕಿ ಮುಚ್ಚಲೇ ರಾಚ್ಯಾ. ತಾಯಿ ಮಗಳು ಒಳಗ ಇರ್ಲಿ, ಹೊರಗಿಂದ ಕೀಲಿ ಹಾಕು. ಒಂದ ಫೋಟೋ. ತಪಾಸಣಿಗೆ ಬಂದಾಗ ಮನಿ ಹಿಂಗಿತ್ತು ಅಂತ ನಾಳೆ ತೋರಸೂದು. ಆಮ್ಯಾಲ ತಗದ ಬಿಡು, ಯಾರ ಬ್ಯಾಡಂದಾರ?"

ನಾಜಿಯಾ ನಕ್ಕಳು. ಆ ನಗು ಕೇಳಲಾಗಲಿಲ್ಲ.

ಸಾಹೇಬ ಬೀಗವನ್ನು ನನ್ನ ಅಂಗೈಗೆ ತುರುಕಿದ. ಡ್ರೈವರ್ ಜ್ಯಾಕಿನ ರಾಡು ಹಿಡಿದು ನನ್ನ ಬೆನ್ನಿಗೆ ಬಂದು ನಿಂತ. ಪರದೆಯ ಹಿಂದೆ ಆಕೆ ಕಿವಿಗೊಟ್ಟಿದ್ದಾಳೆ... ನನಗೆ ಗೊತ್ತು.

"ಹಾಕಲೇ!"

"ಹಾಕೂದಿಲ್ರಿ."

"ಏನಂದಿ?"

ಹೊಸ್ತಿಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತೆ. ಬೀಗವನ್ನು ಅವನ ಬೂಟಿನ ಮುಂದಿಟ್ಟೆ.

"ಬೇಕಾದ್ರ ನನ್ನ ಬಾಯಿಗೆ ಹಾಕಿ ನೋಡ್ರಿ, ಸಾಹೇಬರ... ಆದ್ರ ಇದಕ್ಕಿಂತ ದೊಡ್ಡ ಕೀಲಿ ತರಬೇಕಾಗತೈತಿ!"