ಕಾರಿನ ಮುಂದೆ ಬಿಟ್ಟ ಸ್ಥಳ

"ಕತ್ತರಿಯವರೇ, ಈ ಕಾರು ಎಲ್ಲಿಗೆ ಹೋಗ್ತಿದೆ ಹೇಳಿ?"

ಹೊಸ ಸಂಚಿಕೆಯನ್ನು ಅವನ ಕೀಬೋರ್ಡಿನ ಮೇಲೇ ಹರಡಿ ಅವಳು ಕೇಳಿದಳು. ಕೂದಲಲ್ಲಿ ಇನ್ನೂ ರೇಸ್ ಟ್ರ್ಯಾಕಿನ ಧೂಳಿತ್ತು.

"ಬಲಕ್ಕೆ," ಅಂದ ಅವನು.

"ಬಲಕ್ಕೆ ಎಲ್ಲಿಗೆ? ಮುಂದಕ್ಕೆ ಒಂದಿಷ್ಟು ರಸ್ತೆ ಬೇಡ್ವಾ? ನೀವು ಕತ್ತರಿಸಿರೋದು ನೋಡಿದ್ರೆ ಪುಟದ ಅಂಚಿಗೆ ಹೋಗಿ ಮೂತಿ ಜಜ್ಜಿಕೊಳ್ಳುತ್ತೆ, ಪಾಪ."

ಕಾರು ಪತ್ರಿಕೆಯ ಆ ಕಚೇರಿಯಲ್ಲಿ ಅವಳು ಫೋಟೋಗ್ರಾಫರ್. ಅವಳು ತಂದ ಚಿತ್ರಗಳನ್ನು ಕ್ರಾಪ್ ಮಾಡಿ ಪುಟಕ್ಕೆ ಕೂರಿಸುವುದು ಅವನ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಕತ್ತರಿ. ಓಡುವ ಕಾರಿನ ಮುಂದೆ ಜಾಗ ಬಿಡಬೇಕೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಮ್ಮ ಬೆಳಗಿನ ಹೊತ್ತು ಪದ್ಯ ಓದುವುದನ್ನು ಕೇಳುತ್ತ ಬೆಳೆದವನು. ಸಾಲಿನ ನಡುವೆ ಅಮ್ಮ ಉಸಿರಿಗೆಂದು ನಿಂತಾಗ, ಆ ಮೌನವೂ ಪದ್ಯದ್ದೇ ಎಂದು ಅವನ ಕಿವಿಗೆ ಆಗಲೇ ತಿಳಿದಿತ್ತು.

ತೊಂದರೆ ಬೇರೆಯಿತ್ತು. ಅವಳ ಫೋಟೋಗಳಲ್ಲಿ ಆ ಖಾಲಿ ಜಾಗದ ಕೊನೆಗೆ, ಬೇಲಿಯ ಹತ್ತಿರ, ಯಾವಾಗಲೂ ಒಂದು ನೀಲಿ ಕಲೆ. ಓಡುವ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆದರೆ ಕಾರು ಸ್ಪಷ್ಟವಾಗಿ ಮೂಡುತ್ತದೆ, ನಿಂತದ್ದೆಲ್ಲ ಕಲಸಿಹೋಗುತ್ತದೆ. ಆ ಕಲೆ ಯಾವುದೋ ನೀರಿನ ಡ್ರಮ್ಮು ಎಂದುಕೊಂಡಿದ್ದ. ಪತ್ರಿಕೆಯ ಚಿತ್ರದಲ್ಲಿ ಏನನ್ನೂ ಅಳಿಸುವಂತಿಲ್ಲ, ಕತ್ತರಿಸಬಹುದು. ಡ್ರಮ್ಮಿನ ಜೊತೆಗೆ ಅರ್ಧ ರಸ್ತೆಯೂ ಹೋಗುತ್ತಿತ್ತು.

ಇದನ್ನೆಲ್ಲ ಹೇಳಬಹುದಿತ್ತು. ಆದರೆ ಅವಳು ಮೇಜಿಗೆ ಕೈಯೂರಿ ಬಾಗಿದ್ದಳು. ಕ್ಯಾಮೆರಾದ ಪಟ್ಟಿ ಒತ್ತಿ ಕುತ್ತಿಗೆಯ ಮೇಲೆ ಕೆಂಪು ಗೆರೆ ಎದ್ದಿತ್ತು. ಅವನ ಮಾತು ಅಲ್ಲೇ ಜಾರಿತು.

"ಅಷ್ಟೊಂದು ಜಾಗ ಬಿಟ್ರೆ ಓದುಗರು ಪರೀಕ್ಷೆ ಅಂದ್ಕೊಂಡಾರು. ಬಿಟ್ಟ ಸ್ಥಳ ತುಂಬಿರಿ ಅಂತ."

ಅವಳು ನಗಲಿಲ್ಲ. ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಅವನನ್ನು ನೋಡಿದಳು.

"ಯಾರಾದ್ರೂ ತುಂಬಲಿ ಅಂತಾನೇ ಬಿಡೋದು, ಮಹಾರಾಯರೇ."

ವಾರಕ್ಕೊಮ್ಮೆ ಮೆಮೊರಿ ಕಾರ್ಡು ತರಲು ಅವನು ಟ್ರ್ಯಾಕಿಗೆ ಹೋಗುತ್ತಿದ್ದ. ಯಾರನ್ನಾದರೂ ಕಳಿಸಬಹುದಿತ್ತು, ಕಳಿಸುತ್ತಿರಲಿಲ್ಲ. ಅಲ್ಲಿನ ಗಾಳಿಗೆ ಅಕ್ಕ ಹೆಣೆದ ಸ್ವೆಟರ್ ತೊಟ್ಟು, ತಿರುವಿನ ಬೇಲಿಯ ಪಕ್ಕ ನಿಲ್ಲುತ್ತಿದ್ದ. ನೂಲು ಸಾಲದೆ ಆ ಸ್ವೆಟರಿನ ಒಂದು ತೋಳಿನ ತುದಿ ಮಾತ್ರ ಬಿಳಿ.

ರಸ್ತೆಯಾಚೆ ಅವಳು ಮಂಡಿಯೂರಿ ಕೂತಿರುತ್ತಿದ್ದಳು. ಕಾರು ಬಂದಂತೆ ಅವಳ ಭುಜ ಮೆಲ್ಲಗೆ ತಿರುಗುತ್ತ, ತಿರುಗುತ್ತ, ಇನ್ನೇನು ಅವನಿಗೆ ಎದುರಾಗಬೇಕು, ಆಗ ಟಪ್ಪೆಂದು ಶಟರ್. ಅದು ಕಾರಿಗೆ, ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆದರೂ ಆ ಸದ್ದು ಮನೆಯವರೆಗೂ ಎದೆಯಲ್ಲಿ ಕೂತು ಬರುತ್ತಿತ್ತು.

"ಲೋ, ಆ ಹುಡುಗಿಗೆ ಹೇಳಿದ್ಯಾ?" ಅಕ್ಕ ಕೇಳುತ್ತಿದ್ದಳು.

"ಏನು ಹೇಳೋದು ಅಕ್ಕಾ?"

"ಹವಾಮಾನ ವರದಿ! ಕಂಡಿದ್ದೆಲ್ಲ ಕತ್ತರಿಸ್ತೀಯ, ನಿನ್ನ ಸಂಕೋಚ ಒಂದು ಬಿಟ್ಟು."

ಒಂದು ದಿನ ಸುದ್ದಿ ಬಂತು. ರೇಸ್ ತಂಡವೊಂದು ಅವಳನ್ನು ಕೆಲಸಕ್ಕೆ ಕರೆದಿದೆ. ಇಡೀ ಸೀಸನ್ ಊರೂರು, ದೇಶದೇಶ. ಅವಳು ಹೂಂ ಅಂದಿದ್ದಾಳೆ. ನಾಳೆಯೇ ಹೊರಡುತ್ತಾಳೆ.

ಅವನು ಅಭಿನಂದನೆ ಹೇಳಿದ. ಓಡುವ ಕಾರಿಗೆ ಅಡ್ಡ ನಿಲ್ಲಬಾರದು ಎಂದುಕೊಂಡು, ಮುಖಪುಟಕ್ಕೆಂದು ಅವಳು ಕೊಟ್ಟಿದ್ದ ಕೊನೆಯ ಫೋಟೋ ತೆರೆದ.

ಗೆದ್ದ ಕಾರು ಕೊನೆಯ ಸುತ್ತು ಮುಗಿಸಿ ನಿಧಾನವಾಗಿ ಬರುತ್ತಿದ್ದ ಚಿತ್ರ. ಕಾರು ನಿಧಾನ, ಹಾಗಾಗಿ ಕ್ಯಾಮೆರಾವೂ ನಿಧಾನ. ಹಿನ್ನೆಲೆ ಅಷ್ಟೊಂದು ಕಲಸಿರಲಿಲ್ಲ. ಎಂದಿನಂತೆ ಬಲ ಅಂಚಿನಲ್ಲಿ ನೀಲಿ ಡ್ರಮ್ಮು. ಕ್ರಾಪ್ ಗೆರೆಯನ್ನು ಎಳೆದು ತಂದವನ ಕೈ ನಿಂತಿತು.

ಡ್ರಮ್ಮು ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದಿತ್ತು. ಆ ಕೈಯ ಮೇಲಿನ ನೀಲಿ ಸ್ವೆಟರಿನ ತೋಳಿನ ತುದಿ ಬಿಳಿಯಾಗಿತ್ತು.

ಹಳೆಯ ಫೋಟೋಗಳನ್ನು, ಕತ್ತರಿಸುವ ಮೊದಲಿನವನ್ನು, ಒಂದೊಂದಾಗಿ ತೆರೆದ. ಕೆಂಪು ಕಾರು, ಬಿಳಿ ಕಾರು, ಕೆಸರು ಹಾರಿಸುವ ಜೀಪು. ಎಲ್ಲವೂ ಒಬ್ಬನ ಕಡೆಗೇ ಓಡಿಬರುತ್ತಿದ್ದವು.

ಅವಳು ಸ್ಟೋರ್ ರೂಮಿನಲ್ಲಿ ಕಚೇರಿಯ ಲೆನ್ಸುಗಳನ್ನು ಒರೆಸಿ ಕಪಾಟಿಗೆ ಸೇರಿಸುತ್ತಿದ್ದಳು. ಅವನು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ.

"ಡ್ರಮ್ಮು ಅಂದ್ಕೊಂಡಿದ್ದೆ."

"ಏನನ್ನ?"

"ನನ್ನನ್ನ! ನೀರಿನ ಡ್ರಮ್ಮು ಅಂದ್ಕೊಂಡು ಪ್ರತಿ ಸಲ ಕತ್ತರಿಸಿಬಿಟ್ಟೆ."

ಅವಳು ಕೈಯಲ್ಲಿದ್ದ ಲೆನ್ಸನ್ನು ಕೆಳಗಿಟ್ಟಳು. ಕಣ್ಣಿಗೆ ನಗು ಮೊದಲು ಬಂತೋ ನೀರು ಮೊದಲು ಬಂತೋ, ಅವನಿಗೆ ತಿಳಿಯಲಿಲ್ಲ.

"ನಾನೇನು ತಿಳ್ಕೊಂಡಿದ್ದೆ ಗೊತ್ತೇನ್ರೀ? ಬೇಡ ಅನ್ನೋದನ್ನ ಬಾಯಲ್ಲಿ ಹೇಳೋಕಾಗದೆ ಕತ್ತರಿಲಿ ಹೇಳ್ತಿದ್ದೀರಿ ಅಂತ. ಅವತ್ತು ಜಗಳಕ್ಕೆ ಬಂದಿದ್ದೂ ಅದಕ್ಕೇ. ಆ ಕೆಲಸಕ್ಕೆ ಹೂಂ ಅಂದಿದ್ದೂ..."

ಹೋಗಬೇಡಿ ಎಂಬುದು ಅವನ ನಾಲಿಗೆಯ ತುದಿಗೇ ಬಂದಿತ್ತು. ಅವಳ ಕುತ್ತಿಗೆಯ ಕೆಂಪು ಗೆರೆ ನೋಡಿದ. ಇಷ್ಟು ವರ್ಷ ಅವಳು ಕ್ಯಾಮೆರಾ ಹೊತ್ತದ್ದು ಇಂಥ ಕೆಲಸ ಸಿಗಲೆಂದೇ ಅಲ್ಲವೇ?

"ನಿಮ್ಮನ್ನ ಕಂಡ್ರೆ ನನಗೆ ಜೀವ," ಅಂದ. ಜೀವಮಾನದಲ್ಲೇ ಅಷ್ಟು ಗಟ್ಟಿಯಾಗಿ ಅವನು ಮಾತಾಡಿರಲಿಲ್ಲ. "ಆದ್ರೂ ಹೋಗಿ ಬನ್ನಿ. ಓಡೋ ಕಾರಿನ ಮುಂದೆ ಜಾಗ ಬಿಡ್ಬೇಕು."

"ಅಯ್ಯೋ ದಡ್ಡ," ಅಂದಳು ಅವಳು, ಮೊದಲ ಸಲ ಏಕವಚನದಲ್ಲಿ. "ಆ ಜಾಗ ಬಿಟ್ಟಿದ್ದೇ ನೀನು ನಿಂತ್ಕೊಳ್ಳೋಕೆ ಕಣೋ."

ಹತ್ತಿರ ಬಂದು, ಅವನು ತೊಟ್ಟಿದ್ದ ಸ್ವೆಟರಿನ ತೋಳಿನ ಬಿಳಿ ತುದಿಯನ್ನು ಎರಡು ಬೆರಳಲ್ಲಿ ಹಿಡಿದಳು. ಬಿಡಲಿಲ್ಲ.

"ಸೀಸನ್ ಮುಗಿಸಿ ಬರ್ತೀನಿ. ಅದೇ ತಿರುವು, ಅದೇ ಬೇಲಿ. ಈ ಸ್ವೆಟರ್ ಬದಲಾಯಿಸಬೇಡ. ಎಷ್ಟು ಕಲಸಿಹೋದ್ರೂ ನಂಗೆ ಗುರುತು ಸಿಗ್ಬೇಕು."

ಮರುದಿನ ಅವಳ ಮೇಜು ಖಾಲಿಯಿತ್ತು. ಸಂಪಾದಕರು ಮುಖಪುಟದ ಪ್ರೂಫನ್ನು ಕನ್ನಡಕದ ಹತ್ತಿರ ಹಿಡಿದು ಹುಬ್ಬು ಗಂಟಿಕ್ಕಿದರು.

"ಏನ್ರೀ ಕತ್ತರಿ, ಈ ಅಂಚಲ್ಲಿ ನೀಲಿ ಏನೋ ಉಳಿದುಬಿಟ್ಟಿದೆಯಲ್ಲ. ಕತ್ತರಿಸ್ರೀ ಅದನ್ನ."

"ಆಗಲ್ಲ ಸಾರ್," ಅಂದ ಅವನು. "ಕಾರು ಅಲ್ಲಿಗೇ ಹೋಗ್ತಿರೋದು."